ಎದುರು ಪಾಳೆಯದ ಹಾಡು

ಬೆಳಗ್ಗೆ ಅಂಗಡಿಯ ಹಲಗೆ ಬಾಗಿಲು ಸರಿಸಿದ ಮೇಲೆ ಯಾಂಗ್ಕಿಗೆ ಮೂರು ಕೆಲಸ. ದೇವರ ಮುಂದಿನ ಏಳು ಬಟ್ಟಲಿಗೆ ನೀರು ತುಂಬುವುದು, ಒಲೆಯ ಮೇಲೆ ಬೆಣ್ಣೆ ಚಹಾಕ್ಕೆ ಇಡುವುದು, ಹಿತ್ತಲಿನಿಂದ ಬರುವ ಗಂಡನ ಕೆಮ್ಮು ಕೇಳಿಸಿಕೊಳ್ಳುವುದು. ಮೊದಲ ಎರಡನ್ನು ಅವಳು ಬೇಕೆಂದೇ ಮಾಡುತ್ತಿದ್ದಳು. ಮೂರನೆಯದು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಖಂಡು ಕೊಟ್ಟಿಗೆಯ ಗೋಡೆಗೆ ಒರಗಿ ದಿನದ ಮೊದಲ ಸಿಗರೇಟು ಹಚ್ಚುತ್ತಿದ್ದ. ಒಂದು ದಮ್ಮು, ಹಿಂದೆಯೇ ಒಂದು ಕೆಮ್ಮು, ಮತ್ತೆ ಒಂದು ದಮ್ಮು. ಅವರ ಹಸುವಿಗೂ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ ಅವನು ಎಷ್ಟು ಕೆಮ್ಮಿದರೂ ಅದು ತಲೆ ಎತ್ತಿ ನೋಡುತ್ತಿರಲಿಲ್ಲ.

ಅಂಗಡಿ ದೊಡ್ಡದೇನಲ್ಲ, ಬೇಜಿ ಊರೂ ದೊಡ್ಡದಲ್ಲ. ಒಣಮೆಣಸಿನ ಮೂಟೆ, ದಾರಕ್ಕೆ ಪೋಣಿಸಿದ ಚಮರಿ ಹಾಲಿನ ಗಿಣ್ಣು, ನೂಡಲ್ಸ್ ಪೊಟ್ಟಣ, ರಬ್ಬರ್ ಬೂಟು, ದೀಪದ ಎಣ್ಣೆ, ಎಲೆಯಲ್ಲಿ ಸುಣ್ಣ ಸವರಿ ಅಡಿಕೆ ಸುತ್ತಿಟ್ಟ ದೋಮ. ಇವೆಲ್ಲದರ ಮೇಲೆ, ಯಾಂಗ್ಕಿ ಕೂರುವ ಜಾಗದ ನೆತ್ತಿಗೆ ಸರಿಯಾಗಿ, ಸಿಗರೇಟಿನ ಸಾಲು. ಪೊಟ್ಟಣದ ಮೇಲೆ ಕೊಳೆತ ಶ್ವಾಸಕೋಶದ ಚಿತ್ರ. ಕೊಳ್ಳುವವರು ಚಿತ್ರ ಕೆಳಗೆ ಬರುವ ಹಾಗೆ ತಿರುಗಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಅವತ್ತು ಮೊದಲು ಬಂದವನು ಆರೋಗ್ಯ ಕೇಂದ್ರದ ಲೋಡೆ. ನೂಡಲ್ಸ್ ಕೇಳಿ, ಚಹಾ ಸಿಗುತ್ತದೆಂದು ಗೊತ್ತಿದ್ದೇ ಮೂಟೆಯ ಮೇಲೆ ಕೂತ. ಊರಿನ ಎಲ್ಲರ ಹಾಗೆ ಅವನೂ ಅವಳನ್ನು ಗೌರವದಿಂದ ಔಮ್, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದ.

"ಔಮ್, ಊರಲ್ಲಿ ಸೇದೋರು ಎಷ್ಟು ಜನ ಅಂತ ಥಿಂಪುವಿಂದ ಕೇಳಿದ್ದಾರೆ. ನನಗೆ ತಲೆ ಕೆಟ್ಟುಹೋಗಿದೆ" ಎಂದ.

"ಅದರಲ್ಲಿ ತಲೆ ಕೆಡೋದೇನು? ಹೋಗಿ ಕೇಳು."

"ಕೇಳಿದೆ. ನಿಷೇಧ ಇದ್ದಾಗ ಕೇಳಿದ್ರೆ ಒಬ್ಬರೂ ಸೇದ್ತಿರಲಿಲ್ಲ. ಊರ ತುಂಬ ಕೆಮ್ಮೋರು, ಸೇದೋರು ಮಾತ್ರ ಯಾರೂ ಇಲ್ಲ. ಈಗ ಎದೆ ತಟ್ಟಿ ಹೇಳ್ತಾರೆ. ಜಾಸ್ತಿ ಆಗಿರೋದು ಸೇದೋರೋ ನಿಜ ಹೇಳೋರೋ, ಅದೇ ಗೊತ್ತಾಗ್ತಿಲ್ಲ."

"ನನ್ನ ಕೇಳು, ಹೇಳ್ತೀನಿ. ಎರಡೂ" ಎಂದಳು ಯಾಂಗ್ಕಿ. ನೆತ್ತಿಯ ಮೇಲಿನ ಸಾಲು ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹಾಗೆ ಹೇಳಿದ್ದಕ್ಕೆ ಅವಳಿಗೇ ಮುಜುಗರವಾಗಿ, ಲೋಡೆಯ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು.

ನಿಷೇಧದ ಕಾಲ ಯಾಂಗ್ಕಿಗೆ ಒಂದು ರೀತಿಯಲ್ಲಿ ಹಾಯಾಗಿತ್ತು. ಇಡೀ ದೇಶದಲ್ಲೇ ಯಾರೂ ಹೊಗೆಸೊಪ್ಪು ಮಾರುವಂತಿರಲಿಲ್ಲ. ಯಾರಾದರೂ ಬಂದು ಪಿಸುಗುಟ್ಟಿದರೆ "ಸರ್ಕಾರ ಬಿಡಲ್ಲ ಲಾ" ಎಂದು ಮರ್ಯಾದೆಯ 'ಲಾ' ಸೇರಿಸಿ ಹೇಳಿದರೆ ಮುಗಿಯಿತು. ಕೇಳಿದವರು ಥಿಂಪುವಿನ ಕಡೆ ತಿರುಗಿ ಬೈದುಕೊಂಡು, ಇವಳ ಹತ್ತಿರ ದೋಮ ತೆಗೆದುಕೊಂಡು ಹೋಗುತ್ತಿದ್ದರು. ಗಂಡನಿಗೂ ಅದೇ ಉತ್ತರ. ಬೇಡ ಎನ್ನುವ ಕೆಟ್ಟ ಕೆಲಸವನ್ನು ಸರ್ಕಾರ ತಾನೇ ವಹಿಸಿಕೊಂಡಿದ್ದರಿಂದ ಹೆಂಡತಿಗೆ ಒಳ್ಳೆಯವಳಾಗಿರುವುದು ಸುಲಭವಾಗಿತ್ತು. ಖಂಡು ಲಾರಿ ಓಡಿಸುತ್ತಿದ್ದವನು. ಗಡಿಯಾಚೆಯಿಂದ ಸೀಟಿನಡಿ ಅಡಗಿಸಿ ತರುತ್ತಿದ್ದ, ಅಕ್ಕಿ ಡಬ್ಬಿಯಲ್ಲಿ ಹುಗಿಯುತ್ತಿದ್ದ, ಹಂಚಿ ಹಂಚಿ ಸೇದುತ್ತಿದ್ದ. ಸೋಂಕಿನ ವರ್ಷ ಗಡಿ ಮುಚ್ಚಿತು. ಕದ್ದು ತರುವವರ ಜೊತೆ ರೋಗವೂ ಬಂದೀತೆಂದು ಸರ್ಕಾರವೇ ಕಾನೂನು ಸಡಿಲಿಸಿತು. ಗುಡ್ಡದ ಮೇಲಿನ ಅಂಗಡಿಯವನು ಮೊದಲು ಸಿಗರೇಟು ಇಟ್ಟ. ಗಿರಾಕಿಗಳು ಅತ್ತ ಹತ್ತಿದರು. ಅವರ ಹಿಂದೆ ಮೆಣಸು, ಎಣ್ಣೆಯ ವ್ಯಾಪಾರವೂ ಹತ್ತಿತು. ಯಾಂಗ್ಕಿ ಸ್ವಲ್ಪ ದಿನ ನೋಡಿದಳು, ಆಮೇಲೆ ಅವಳೂ ಇಟ್ಟಳು.

ಹೋದ ಶರತ್ಕಾಲದಲ್ಲಿ ಮಗಳು ದೆಮ ಅಪ್ಪನನ್ನು ಬಲವಂತವಾಗಿ ಥಿಂಪುವಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಂದ ಬಂದ ಮೇಲೆ ಗಂಡ ಹೆಂಡಿರ ನಡುವೆ ಹೊಸ ಮಾತು ಏನೂ ಉಳಿದಿರಲಿಲ್ಲ, ಇದ್ದದ್ದೇ ತಿರುಗಿ ಬರುತ್ತಿತ್ತು.

"ದೆಮನ ಅಪ್ಪಾ, ಡಾಕ್ಟರು ಏನಂದ್ರು ನೆನಪಿದೆಯಾ? ಎದೆ ಅರ್ಧ ಮಾತ್ರ ಕೆಲಸ ಮಾಡ್ತಿದೆ ಅಂದ್ರು."

"ಅರ್ಧ ಮಾಡ್ತಿದೆಯಲ್ಲ. ಕಚೇರಿಗಳಲ್ಲಿ ಅಷ್ಟೂ ಮಾಡಲ್ಲ."

"ನಗೋ ಮಾತಲ್ಲ ಇದು."

"ನಾನೇನು ನಗ್ತಿಲ್ಲ" ಎಂದಿದ್ದ ಖಂಡು, ನಿಜಕ್ಕೂ ನಗದೆ. "ಹಿಮ ಬಿದ್ದು ದಾರಿ ಕಟ್ಟಿದಾಗ ಲಾರಿಯಲ್ಲಿ ಒಬ್ಬನೇ ಕೂತಿದ್ದೀನಿ. ಜೊತೆಗಿದ್ದದ್ದು ಇದೊಂದೇ. ನಮ್ಮ ದೆಮನ ವಯಸ್ಸಿನ ಪೊಲೀಸಿನವನು ಚೆಕ್‌ಪೋಸ್ಟಿನಲ್ಲಿ ನನ್ನ ಘೋ ಬಿಚ್ಚಿಸಿ ಹುಡುಕಿದ್ದಾನೆ, ಹಿಂದೆ ಬಸ್ಸಿನ ತುಂಬ ಜನ ನೋಡ್ತಿದ್ರು. ನನ್ನ ಜೊತೆಯವನು ಅಂಗೈಯಷ್ಟು ಸೊಪ್ಪಿಗೆ ಜೈಲಿಗೆ ಹೋಗಿಬಂದ. ಈಗ ಬಿಸಿಲಲ್ಲಿ ಕೂತು ಸೇದ್ತೀನಿ. ನಾನು ಕಳ್ಳ ಅಲ್ಲ ಅಂತ ಇಷ್ಟು ದಿನಕ್ಕೆ ಆಯ್ತು. ಅದನ್ನೂ ನೀನು ಕಿತ್ಕೋಬೇಡ. ಅಷ್ಟಕ್ಕೂ ಇದನ್ನ ಮಾರೋರು ಯಾರು?"

ಅವನು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಬಸ್ಸಿನ ಕಥೆ ಅವನು ಹೇಳಿದಾಗಲೆಲ್ಲ ಅವಳೂ ಆ ಪೊಲೀಸಿನವನನ್ನು ಬೈಯುತ್ತಿದ್ದಳು. ಆದರೆ ಕಳ್ಳ ಅಲ್ಲ ಎಂದು ತೋರಿಸಲು ಸಾಯುವ ತನಕ ಸೇದಬೇಕೇ ಎಂದು ಕೇಳಲು ಹೋದರೆ ನಾಲಿಗೆಯೇ ಏಳುತ್ತಿರಲಿಲ್ಲ.

ಹೊಸ ವರ್ಷ ಹತ್ತಿರ ಬಂತು. ಬೇಜಿಗೂ ಹೊಳೆಯಾಚೆಯ ರಿಖಾ ಊರಿಗೂ ಪ್ರತಿ ಲೋಸರ್ ಹಬ್ಬಕ್ಕೆ ಬಿಲ್ಲಿನ ಪಂದ್ಯ. ಬೇಜಿಯ ತಂಡದ ಹಿರಿಯ ಅಪ್ ಪೆಂಜೋರ್ ಸಾಮಾನು ಕೊಳ್ಳಲು ಅಂಗಡಿಗೆ ಬಂದ. ಪಂದ್ಯಕ್ಕೆ ಮುಂಚೆ ಬಿಲ್ಲುಗಾರರೆಲ್ಲ ಅವನ ಮನೆಯಲ್ಲೇ ಬೀಡುಬಿಡುತ್ತಾರೆ. ಪಂದ್ಯ ಮುಗಿಯುವವರೆಗೆ ಹೆಂಡಿರ ಹತ್ತಿರ ಹೋಗುವಂತಿಲ್ಲ, ಮಾತಾಡುವಂತಿಲ್ಲ, ಹೆಂಗಸರು ಬಿಲ್ಲು ಮುಟ್ಟುವಂತಿಲ್ಲ.

"ಅಕ್ಕಿ, ಮೆಣಸು, ಗಿಣ್ಣು, ದೋಮ ಜಾಸ್ತಿ ಹಾಕು" ಎಂದ ಪೆಂಜೋರ್. "ಆಮೇಲೆ ಒಂದು ದೊಡ್ಡ ಕಟ್ಟು ಸಿಗರೇಟು. ದೇವರ ಕೋಣೆ ಇರೋ ಮನೆ, ಒಳಗೆ ಬಿಡಲ್ಲ. ಹೊರಗೆ ಸೇದಿಕೊಳ್ಳಲಿ. ಮುಂಚೆ ನಿನ್ನ ಗಂಡ ಒಬ್ಬನೇ ಇದ್ದ, ಈಗ ಅರ್ಧ ತಂಡ ಅವನ ಹಿಂದೆ ಹೋಗಿ ನಿಲ್ಲುತ್ತೆ."

ಯಾಂಗ್ಕಿ ಕಟ್ಟತೊಡಗಿದಳು. ಪೆಂಜೋರ್ ಮೆಣಸನ್ನು ಕೈಯಲ್ಲಿ ಉಜ್ಜಿ ಮೂಸಿ ನೋಡಿದ. ಆಮೇಲೆ ದನಿ ತಗ್ಗಿಸಿದ.

"ಔಮ್, ನಿನಗೆ ಗೊತ್ತಿರಲಿ ಅಂತ ಹೇಳ್ತೀನಿ. ಹೋದ ವರ್ಷ ಖಂಡುವಿನ ಬಾಣ ಗುರಿ ತನಕ ಬರಲೇ ಇಲ್ಲ, ದಾರಿಯಲ್ಲೇ ಬಿದ್ದವು. ಗುರಿ ತಪ್ಪಿದ್ರೆ ಯಾರೂ ಏನೂ ಅನ್ನಲ್ಲ. ದಾರಿಯಲ್ಲಿ ಬಿದ್ರೆ ತೋಳಲ್ಲಿ ಕಸುವಿಲ್ಲ ಅಂತ ಅರ್ಥ. ಈ ಸಲವೂ ಹಾಗೇ ಆದ್ರೆ ಅವನನ್ನ ತಂಡದಿಂದ ಬಿಡಬೇಕಾಗುತ್ತೆ. ಅವನಿಗೂ ಹೇಳಿದ್ದೀನಿ."

"ಏನಂದ್ರು?"

"ಬಿಲ್ಲಿಗೆ ಹೊಸ ಹೆದೆ ಹಾಕ್ತೀನಿ ಅಂದ."

ಲಾರಿ ಬಿಟ್ಟ ಮೇಲೆ ಖಂಡುವಿಗೆ ಉಳಿದಿದ್ದದ್ದು ಬಿಲ್ಲೊಂದೇ. ಬಿದಿರು ಆರಿಸುವುದು, ಕಾಯಿಸುವುದು, ಗರಿ ಅಂಟಿಸುವುದು, ಇದರಲ್ಲೇ ಅವನ ವರ್ಷ ಕಳೆಯುತ್ತಿತ್ತು. ಅದೂ ಹೋದರೆ ಅವನು ಕೊಟ್ಟಿಗೆಯ ಗೋಡೆಗೆ ಒರಗಿದವನು ಅಲ್ಲಿಂದ ಏಳುವುದಿಲ್ಲ ಎಂದು ಯಾಂಗ್ಕಿಗೆ ಹೆದರಿಕೆಯಾಯಿತು. ಹೆದರುತ್ತಲೇ ಸಿಗರೇಟಿನ ಕಟ್ಟನ್ನು ಅಕ್ಕಿಯ ಚೀಲದ ಮೇಲಿಟ್ಟು ಹಗ್ಗ ಬಿಗಿದಳು. ಆ ಗಂಟು ಹಾಕಿದ್ದು ತನ್ನ ಕೈಯೇ ಎಂಬುದು ಅವಳಿಗೆ ತಡವಾಗಿ ಹೊಳೆಯಿತು. ಅಷ್ಟರಲ್ಲಿ ಪೆಂಜೋರ್ ಅದನ್ನು ಹೆಗಲಿಗೇರಿಸಿಕೊಂಡು ಇಳಿಜಾರು ಇಳಿದಾಗಿತ್ತು.

ಪಂದ್ಯದ ಮೈದಾನ ಹೊಳೆಯ ಪಕ್ಕದಲ್ಲಿ. ಈ ತುದಿಗೊಂದು ಬಣ್ಣ ಬಳಿದ ಗುರಿಹಲಗೆ, ಆ ತುದಿಗೊಂದು. ನಡುವಿನ ದೂರ ಎಷ್ಟೆಂದರೆ ಆ ತುದಿಯಲ್ಲಿ ನಿಂತವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಈ ತುದಿಗೆ ತಿಳಿಯುವುದಿಲ್ಲ. ಎಲ್ಲರೂ ಒಂದು ತುದಿಯಿಂದ ಬಾಣ ಬಿಟ್ಟು, ಆ ತುದಿಗೆ ನಡೆದು, ಅಲ್ಲಿಂದ ಇತ್ತ ಬಿಡಬೇಕು. ಬೆಳಗ್ಗೆಯಿಂದ ಸಂಜೆಯ ತನಕ ಇದೇ ನಡಿಗೆ. ತಾಗಿದರೆ ತಂಡದವರು ಕೈ ಹಿಡಿದು ಕುಣಿಯುತ್ತಾರೆ, ತಾಗಿಸಿದವನ ಸೊಂಟಕ್ಕೆ ಬಣ್ಣದ ಪಟ್ಟಿ ಸಿಕ್ಕಿಸುತ್ತಾರೆ. ಇಷ್ಟೆಲ್ಲದರ ಪಕ್ಕದಲ್ಲಿ ಹೆಂಗಸರ ಎರಡು ಗುಂಪು. ತಮ್ಮವನು ಬಿಲ್ಲೆತ್ತಿದರೆ ಹೊಗಳುವ ಹಾಡು, ಎದುರಿನವನು ಎತ್ತಿದರೆ ಅವನ ಮಾನ ಹರಾಜು. ಅವನ ಮೂಗು, ಮಾವ, ಹೆಂಡತಿ, ಹಾಸಿಗೆ, ಯಾವುದನ್ನೂ ಬಿಡುವಂತಿಲ್ಲ. ಮೈದಾನದಲ್ಲಿ ಆಡಿದ್ದಕ್ಕೆ ಯಾರೂ ಮುನಿಸಿಕೊಳ್ಳಬಾರದು ಎಂಬುದು ಕಟ್ಟಳೆ. ಬೇಜಿಯಲ್ಲಿ ಈ ಕೆಲಸಕ್ಕೆ ಯಾಂಗ್ಕಿಯೇ ಮುಂದಾಳು. ಅವಳ ನಾಲಿಗೆಗೆ ಹೆದರಿ ರಿಖಾದ ಗಂಡಸರು ಕಿವಿಗೆ ಬೆಣ್ಣೆ ಇಟ್ಟುಕೊಂಡು ಬರುತ್ತಾರೆ ಎಂದು ಊರಿನವರು ಹೇಳಿಕೊಂಡು ನಗುತ್ತಿದ್ದರು.

ರಿಖಾದ ಕಡೆ ಅವಳಿಗೆ ಸರಿಜೋಡಿ ಎಂದರೆ ಔಮ್ ಪೆಡೆನ್. ಗುಂಡು ಮುಖದ, ದೋಮ ಜಗಿದು ಕೆಂಪಾದ ಬಾಯಿಯ ವಿಧವೆ. ಮೊದಲ ದಿನ ಖಂಡು ಬಿಲ್ಲೆತ್ತಿ ಎದೆ ತುಂಬ ಉಸಿರೆಳೆಯುವ ಹೊತ್ತಿಗೆ ಒಳಗಿಂದ ಕೆಮ್ಮು ನುಗ್ಗಿ ಬಂತು. ಅವನು ಬಿಲ್ಲು ಇಳಿಸಿ, ಕೆಮ್ಮಿ, ಮತ್ತೆ ಎತ್ತಿದ. ಬಾಣ ಮೈದಾನದ ನಡುವೆಯೇ ನೆಲಕ್ಕೆ ಮೂಗು ಊರಿತು. ಪೆಡೆನ್ ಕೈ ಬೀಸಿ ರಾಗ ಎತ್ತಿದಳು.

"ಬೇಜಿ ಊರಿನ ದೊಡ್ಡ ಬಿಲ್ಲುಗಾರ ಎದೆಯ ಸೆಟೆಸಿ ನಿಂತಾನ,
ಬಾಣ ಬಂದದ್ದು ಅರ್ಧ ದಾರಿ, ಕೆಮ್ಮು ಮಾತ್ರ ಪೂರ್ತಿ ಬಂತ!"

ಎರಡೂ ಊರಿನವರು ಬಿದ್ದು ಬಿದ್ದು ನಕ್ಕರು. ಖಂಡುವೂ ಕೈ ಎತ್ತಿ ನಕ್ಕ. ಯಾಂಗ್ಕಿ ತಕ್ಕ ಉತ್ತರ ಹಾಡಬೇಕಿತ್ತು, ಅವಳ ಗುಂಪಿನವರು ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಏನಾಯ್ತು ಔಮ್? ಉತ್ತರ ಕೊಡು" ಎಂದು ಪಕ್ಕದವಳು ಸೊಂಟ ತಿವಿದಳು.

"ಅವಳು ಹೇಳಿದ್ದರಲ್ಲಿ ತಪ್ಪೇನಿದೆ, ಉತ್ತರ ಕೊಡೋಕೆ?"

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ತಂಡದವರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಾಗ ಖಂಡು ಹಿಂದೆ ಬೀಳತೊಡಗಿದ. ಉಳಿದವರು ತಲುಪಿ ನೀರು ಕುಡಿದು ಮುಗಿಸಿದ ಮೇಲೆ ಅವನು ಬಂದು ಬಿಲ್ಲಿಗೆ ಒರಗಿ ನಿಲ್ಲುತ್ತಿದ್ದ. ನಡುವೆ ಸಮಯ ಸಿಕ್ಕಾಗ ಮರದ ಮರೆಗೆ ಹೋಗುತ್ತಿದ್ದ. ಅವನ ಹಿಂದೆ ಇನ್ನಿಬ್ಬರು. ಘೋ ನಿಲುವಂಗಿಯ ಎದೆಚೀಲದಿಂದ ಹೊರಬರುವ ಪೊಟ್ಟಣವನ್ನು ಯಾಂಗ್ಕಿ ಅಷ್ಟು ದೂರದಿಂದಲೇ ಗುರುತಿಸಿದಳು. ತಾನೇ ಜೋಡಿಸಿಟ್ಟ ಸಾಲಿನದು.

ಸಂಜೆ ಅವಳು ಪೆಂಜೋರನ ಮನೆಯ ಬೇಲಿಯ ತನಕ ಹೋದಳು.

"ಅಪ್ ಪೆಂಜೋರ್, ಒಂದೇ ಒಂದು ಮಾತು. ಅವರನ್ನ ಹೊರಗೆ ಕರೀರಿ ಲಾ."

"ಆಗಲ್ಲ ಔಮ್. ನಿನಗೆ ನಾನು ಹೇಳಬೇಕಾ? ದೇವರಿಗೆ ಹರಕೆ ಕಟ್ಟಿದೆ. ಪಂದ್ಯದ ನಡುವೆ ಹೆಂಡತಿ ಮಾತು ಬಿಲ್ಲಿಗೆ ಆಗಿಬರಲ್ಲ."

"ಸಿಗರೇಟು ಆಗಿಬರುತ್ತಾ?"

ಪೆಂಜೋರ್ ಒಳಗಿದ್ದ ಗಂಡಸರ ಕಡೆ ತಿರುಗಿ ನೋಡಿದ. ಆಮೇಲೆ, "ನಾಳೆ ಮೊದಲ ಬಾಣ ಅವನದು. ಅದೂ ದಾರಿಯಲ್ಲಿ ಬಿದ್ರೆ ಅಲ್ಲೇ ಬೇರೆಯವನನ್ನ ಇಳಿಸ್ತೀನಿ. ನನಗೇನು ಸಂತೋಷವಾ ಅದು? ನಾನೂ ಅವನೂ ಒಟ್ಟಿಗೆ ಬಿಲ್ಲು ಕಲಿತವರು" ಎಂದು ಬೇಲಿಯ ಗೇಟು ಎಳೆದುಕೊಂಡ.

ಮರುದಿನ ಮೈದಾನದಲ್ಲಿ ಜನ ಸೇರುವ ಹೊತ್ತಿಗೆ ಯಾಂಗ್ಕಿ ತನ್ನ ಒಳ್ಳೆಯ ಕಿರಾ ಉಟ್ಟು ಬಂದಳು. ಬೇಜಿಯ ಹೆಂಗಸರು ಅವಳಿಗೆ ಜಾಗ ಬಿಟ್ಟರು. ಅವಳು ಅಲ್ಲಿ ನಿಲ್ಲಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಮೈದಾನ ದಾಟಿ ನೇರ ರಿಖಾದ ಹೆಂಗಸರ ಗುಂಪಿಗೆ ಹೋಗಿ ಪೆಡೆನ್‌ಳ ಪಕ್ಕದಲ್ಲಿ ನಿಂತುಬಿಟ್ಟಳು.

ಪೆಡೆನ್ ಜಗಿಯುವುದನ್ನು ನಿಲ್ಲಿಸಿದಳು. "ಏನೇ, ನಿನ್ನೆ ಕುಡಿದ ಅರಾ ಇನ್ನೂ ಇಳಿದಿಲ್ವಾ? ನಿಮ್ಮವರು ಅಲ್ಲಿದ್ದಾರೆ."

"ಗೊತ್ತು."

"ಮತ್ತೆ?"

"ನನ್ನ ಗಂಡನ ಜೊತೆ ಮಾತಾಡಬೇಕು. ಮನೇಲಿ ಆಗಲಿಲ್ಲ, ಬೇಲಿ ಹತ್ತಿರ ಬಿಡಲಿಲ್ಲ. ಇವತ್ತು ಅವರಿಗೆ ಬೈಯೋ ಹಕ್ಕಿರೋದು ನಿಮ್ಮ ಗುಂಪಿಗೆ ಮಾತ್ರ. ಸ್ವಲ್ಪ ಜಾಗ ಕೊಡು."

ಪೆಡೆನ್ ಅವಳ ಮುಖವನ್ನು ಚೆನ್ನಾಗಿ ನೋಡಿದಳು. ಪೆಡೆನ್‌ಳ ಗಂಡ ಸತ್ತದ್ದು ಯಾವುದರಿಂದ ಎಂದು ಯಾಂಗ್ಕಿಗೂ ಗೊತ್ತಿತ್ತು, ಕಡೆಯ ವರ್ಷ ಅವನು ಮೆಟ್ಟಿಲು ಹತ್ತಲಾರದೆ ದನಗಳ ಜೊತೆ ಕೆಳಗಿನ ಅಂತಸ್ತಿನಲ್ಲೇ ಮಲಗುತ್ತಿದ್ದ. ಪೆಡೆನ್ ಭುಜಕ್ಕೆ ಭುಜ ತಾಗಿಸಿ ಒಂದು ಹೆಜ್ಜೆ ಸರಿದು ಜಾಗ ಕೊಟ್ಟಳು.

ಬೇಜಿಯ ಕಡೆ ಗುಸುಗುಸು ಎದ್ದಿತು. ಯಾರೋ "ಅಂಗಡಿಯವಳು ಪಕ್ಷ ಬದಲಾಯಿಸಿದಳು" ಎಂದು ಕೂಗಿದರು. ಖಂಡು ಬಿಲ್ಲು ಹಿಡಿದು ಗೆರೆಯ ಹತ್ತಿರ ಬಂದವನು ರಿಖಾದ ಗುಂಪಿನಲ್ಲಿ ಹೆಂಡತಿಯನ್ನು ಕಂಡು ಕಣ್ಣು ಕಿರಿದು ಮಾಡಿ ನೋಡಿದ, ಬಿಸಿಲಿಗೆ ತನ್ನ ಕಣ್ಣೇ ಮೋಸ ಮಾಡುತ್ತಿದೆ ಅಂದುಕೊಂಡನೇನೋ. ಬಾಣ ಹೂಡಿದ. ಯಾಂಗ್ಕಿ ರಾಗ ಎತ್ತಿದಳು.

"ಬಿಲ್ಲು ಬಾಗಿಸೋ ಗಂಡಸು ಇವನು, ಮುತ್ತು ಕೊಟ್ಟರೆ ಬೂದಿ ರುಚಿಯೇ,
ಮುತ್ತು ಬೇಕಾದ್ರೆ ಒಲೆಗೇ ಕೊಡುವೆ, ಅದಕ್ಕೆ ಬೆಚ್ಚಗೆ ಬಿಸಿಯಾದರೂ ಇದೆ!"

ಮೈದಾನ ನಗೆಯಿಂದ ಒಡೆದುಹೋಯಿತು. ಪೆಂಜೋರ್ ಮುಖ ಆ ಕಡೆ ತಿರುಗಿಸಿ ಹೊಟ್ಟೆ ಹಿಡಿದುಕೊಂಡ. ಖಂಡುವಿಗೂ ತಡೆಯಲಾಗದೆ ಬಿಲ್ಲು ಕೆಳಗಿಳಿಸಿ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಂತಿತು. ಕಣ್ಣೊರೆಸಿಕೊಂಡು ಅವನು ಮತ್ತೆ ಬಿಲ್ಲೆತ್ತಿ ಹೆದೆಯನ್ನು ಕಿವಿಯ ತನಕ ಎಳೆದ. ಯಾಂಗ್ಕಿ ಎರಡನೆಯದನ್ನು ಶುರುಮಾಡಿದಳು. ಇದಕ್ಕೆ ಅವಳು ಕುಣಿಯಲಿಲ್ಲ. ದನಿಯನ್ನೂ ಅಷ್ಟು ಏರಿಸಲಿಲ್ಲ.

"ಸಾಲು ಜೋಡಿಸಿ ಮಾರಿದವಳು ನಾನೇ, ಗಂಟು ಕಟ್ಟಿ ಕಳಿಸಿದವಳು ನಾನೇ,
ನಾಳೆ ವಿಧವೆ ಆದರೆ ಯಾರನ್ನ ಬೈಲಿ? ಅಂಗಡಿಯಲ್ಲಿ ಕೂತವಳೂ ನಾನೇ."

ಯಾರೂ ನಗಲಿಲ್ಲ. ರಿಖಾದ ಹೆಂಗಸರು ಪಲ್ಲವಿ ಹಿಡಿಯಬೇಕಿತ್ತು, ಅವರೂ ಹಿಡಿಯಲಿಲ್ಲ. ಖಂಡು ಎಳೆದ ಹೆದೆಯನ್ನು ಹಾಗೆಯೇ ಹಿಡಿದು ನಿಂತಿದ್ದ. ತಾನು ಮಾಡಿದ್ದು ತಪ್ಪಾಯಿತೇನೋ, ಇಷ್ಟು ಜನರ ಮುಂದೆ ಆ ಬಸ್ಸಿನ ಮುಂದೆ ಆದ ಹಾಗೆ ಇವನ ಬಟ್ಟೆ ಬಿಚ್ಚಿಸಿದೆನೇನೋ ಎಂದು ಯಾಂಗ್ಕಿ ಅಳುಕಿದಳು.

ಬಾಣ ಹೋಯಿತು. ಮೇಲೆ ಹೋಯಿತು, ಮೈದಾನದ ನಡು ದಾಟಿತು, ಗುರಿಹಲಗೆಯ ಪಕ್ಕ ನಿಂತವರು ತಲೆ ತಗ್ಗಿಸಿದರು. ಅದು ಅವರ ನೆತ್ತಿಯ ಮೇಲಿಂದ ಸಾಗಿ ಆಚೆಯ ಗೋಧಿ ಹೊಲದೊಳಗೆ ಹೋಗಿ ಬಿತ್ತು.

ರಿಖಾದವರು ತಪ್ಪಿತೆಂದು ಕೇಕೆ ಹಾಕಿದರು. ಅವರಿಗಿಂತ ಜೋರಾಗಿ ಬೇಜಿಯವರೂ ಕೇಕೆ ಹಾಕಿದರು. ತಾಗದ ಬಾಣಕ್ಕೆ ಎರಡೂ ಕಡೆಯವರು ಕುಣಿದದ್ದು ಆ ಕಣಿವೆಯಲ್ಲಿ ಅದೇ ಮೊದಲಿರಬೇಕು.

"ದಾರಿಯಲ್ಲಿ ಬೀಳಲಿಲ್ಲ" ಎಂದ ಪೆಂಜೋರ್, ಬದಲಿಗೆ ಕಾದು ನಿಂತಿದ್ದವನ ಕಡೆ ತಿರುಗಿ. "ದಾರಿ ಮುಗಿದ ಮೇಲೂ ಹೋಯ್ತು. ನೀನು ಕೂತ್ಕೋ."

ಪಂದ್ಯವನ್ನು ರಿಖಾದವರೇ ಗೆದ್ದರು. ಖಂಡು ಆ ದಿನ ಒಂದೇ ಒಂದು ಸಲ ಹಲಗೆಗೆ ತಾಗಿಸಿದ, ಸಂಜೆಗೆ ಕಾಲೆಳೆಯುತ್ತಿದ್ದ. ಆದರೆ ಅವನ ಯಾವ ಬಾಣವೂ ದಾರಿಯಲ್ಲಿ ಬೀಳಲಿಲ್ಲ, ಮರದ ಮರೆಗೆ ಅವನು ಹೋದದ್ದೂ ಯಾರಿಗೂ ಕಾಣಲಿಲ್ಲ. ಪಕ್ಷ ಬದಲಿಸಿದ ತಪ್ಪಿಗೆ ಯಾಂಗ್ಕಿ ಎರಡೂ ಊರಿನವರಿಗೆ ಅರಾ ಬಡಿಸಬೇಕೆಂದು ತೀರ್ಪಾಯಿತು. ಅವಳು ಕೆಟಲು ಹಿಡಿದು ಸಾಲಿನಲ್ಲಿ ಬರುವಾಗ ಪೆಡೆನ್ ಬಟ್ಟಲು ಚಾಚಿ, "ಮುಂದಿನ ವರ್ಷ ನಮ್ಮ ಕಡೆಯಿಂದಲೇ ಹಾಡು, ಒಳ್ಳೆ ಸಂಬಳ ಕೊಡ್ತೀವಿ" ಎಂದು ಛೇಡಿಸಿದಳು. ಆಮೇಲೆ ಯಾರಿಗೂ ಕೇಳಿಸದ ಹಾಗೆ, "ನಾನು ಹಾಡಲಿಲ್ಲ ಕಣೇ. ನನ್ನವನು ಬಿಲ್ಲು ಹಿಡೀತಿರಲಿಲ್ಲವಲ್ಲ, ಎಲ್ಲಿ ಹಾಡೋದು ಅಂತ ಗೊತ್ತಾಗಲಿಲ್ಲ" ಎಂದಳು. ಯಾಂಗ್ಕಿ ಅವಳ ಬಟ್ಟಲು ತುಂಬಿ ತುಳುಕುವ ತನಕ ಅರಾ ಸುರಿದಳು.

ಗಂಡಸರು ದೇವರಿಗೆ ಕಡೆಯ ಪೂಜೆ ಮುಗಿಸದೆ ಮನೆಗೆ ಬರುವಂತಿರಲಿಲ್ಲ. ಯಾಂಗ್ಕಿ ಒಬ್ಬಳೇ ಮನೆಗೆ ಬಂದಳು. ಖಂಡು ಅವಳ ಕಡೆ ನೋಡಿದ್ದನೇ ಹೊರತು ಏನೂ ಹೇಳಿರಲಿಲ್ಲ. ಅವನು ಏನು ಹೇಳಿದರೂ ಮಾಡಬೇಕಾದ್ದು ಇದೇ ಎಂದುಕೊಂಡು ಅವಳು ಸ್ಟೂಲು ಹತ್ತಿ ನೆತ್ತಿಯ ಮೇಲಿನ ಸಾಲನ್ನು ಒಂದೊಂದಾಗಿ ಇಳಿಸಿದಳು. ಬೆಳಗ್ಗೆ ಸಾಮಾನಿನ ವ್ಯಾನು ಬಂದಾಗ ಪೆಟ್ಟಿಗೆಯನ್ನು ಚಾಲಕನ ಪಕ್ಕ ಇಟ್ಟಳು.

"ವಾಪಸ್ ಅಂದ್ರೆ ಮಾಲೀಕರು ಪೂರ್ತಿ ದುಡ್ಡು ಕೊಡಲ್ಲ ಔಮ್" ಎಂದ ಅವನು.

"ಕೊಟ್ಟಷ್ಟು ಕೊಡಲಿ."

"ಮೇಲಿನ ಅಂಗಡಿಯವರಿಗೆ ಹಬ್ಬ."

"ಹೊಸ ವರ್ಷ ಅಲ್ವಾ, ಅವರೂ ಹಬ್ಬ ಮಾಡಲಿ" ಎಂದಳು ಯಾಂಗ್ಕಿ. ಖಾಲಿ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಅದರ ಮೇಲೆ ಮಕ್ಕಳ ಉಣ್ಣೆಯ ಟೋಪಿಗಳನ್ನು ಜೋಡಿಸಿದಳು. ವ್ಯಾಪಾರ ಎಷ್ಟು ಇಳಿಯುತ್ತದೋ ಎಂಬ ಚಿಂತೆ ಇರಲಿಲ್ಲವೆಂದಲ್ಲ. ಆದರೂ ಯಾಕೋ ಮನಸ್ಸು ಹಗುರಾಗಿತ್ತು, ಕೆಲಸ ಮಾಡುತ್ತಾ ಹಾಡಿಕೊಳ್ಳುತ್ತಿದ್ದಳು.

ಬಿಸಿಲು ಅಂಗಡಿಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಖಂಡು ಬಂದ. ಹಿತ್ತಲಿನಿಂದ ಬರಲಿಲ್ಲ, ಗಿರಾಕಿಯ ಹಾಗೆ ಮುಂಬಾಗಿಲಿನಿಂದ ಬಂದ. ಬಟ್ಟೆ ಸುತ್ತಿದ ಬಿಲ್ಲನ್ನು ಗೋಡೆಗೆ ಒರಗಿಸಿ, ಗಲ್ಲಾದ ಮೇಲೆ ಮೊಣಕೈ ಊರಿದ.

"ಔಮ್, ಒಂದು ಪ್ಯಾಕು ಕೊಡಿ ಲಾ."

"ಇಲ್ಲ ಲಾ."

"ಖಾಲಿಯಾಯ್ತಾ?"

"ಖಾಲಿ ಆಗಿಲ್ಲ. ಮಾರಲ್ಲ."

ಖಂಡು ನೆತ್ತಿಯ ಮೇಲಿನ ಟೋಪಿಗಳನ್ನು ನೋಡಿದ. "ಯಾಕೆ, ಸರ್ಕಾರ ಮತ್ತೆ ನಿಲ್ಲಿಸ್ತಾ?"

"ಸರ್ಕಾರ ಅಲ್ಲ" ಎಂದಳು ಯಾಂಗ್ಕಿ. "ನಾನು ನಿಲ್ಲಿಸಿದ್ದು. ಬೈಯೋದಿದ್ರೆ ನನ್ನನ್ನೇ ಬೈಬೇಕು."

ಅವನು ಬೈಯಲಿಲ್ಲ. ಬಾಗಿಲಿಗೆ ಹೋಗಿ ಗುಡ್ಡದ ಮೇಲಿನ ಅಂಗಡಿಯ ದಾರಿಯ ಕಡೆ ನೋಡಿದ. ಇಳಿದು ಕೆಲವು ಹೆಜ್ಜೆ ಹತ್ತಿಯೂ ಬಿಟ್ಟ. ಯಾಂಗ್ಕಿ ಕೂತಲ್ಲಿಂದ ಏಳಲಿಲ್ಲ, ಕರೆಯಲೂ ಇಲ್ಲ, ಕೈಯಲ್ಲಿದ್ದ ಟೋಪಿಯನ್ನು ಸುಮ್ಮನೆ ಮಡಚಿ ಬಿಚ್ಚಿ ಮಾಡುತ್ತಿದ್ದಳು. ಮೊದಲ ತಿರುವಿನ ಕಲ್ಲಿನ ಹತ್ತಿರ ಅವನು ನಿಂತ. ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡಿದ, ಕೆಳಗೆ ನೋಡಿದ. ಆಮೇಲೆ ಇಳಿದು ಬಂದು ಮೆಣಸಿನ ಮೂಟೆಯ ಮೇಲೆ ಕೂತ.

"ಅಲ್ಲಿ ತನಕ ಹತ್ತೋಕೆ ಉಸಿರಿಲ್ಲ."

"ಬಿಟ್ರೆ ಬರುತ್ತೆ."

"ಬರಲಿ. ಬಂದ ಮೇಲೆ ಹತ್ತಿ ಹೋಗಿ ತಗೋತೀನಿ."

"ಆಗ ಹೋಗು" ಎಂದಳು ಯಾಂಗ್ಕಿ. "ನಾನೇ ದುಡ್ಡು ಕೊಟ್ಟು ಕಳಿಸ್ತೀನಿ."

ಖಂಡು ನಕ್ಕ. ನಕ್ಕವನು ತಲೆ ತಗ್ಗಿಸಿ, ಘೋದ ಅಂಚಿಗೆ ಹತ್ತಿದ್ದ ಗೋಧಿ ಹೊಲದ ಮಣ್ಣನ್ನು ಉಗುರಿನಿಂದ ಕೆರೆದ.

"ಮೈದಾನದಲ್ಲಿ ಹಾಡಿದ್ದನ್ನ ಅಲ್ಲೇ ಬಿಟ್ಟು ಬರಬೇಕು, ಅಲ್ವಾ? ನಾನೂ ಬಿಟ್ಟು ಬರೋಣ ಅಂತಲೇ ಇದ್ದೆ" ಎಂದ. "ಆದ್ರೆ ಪೆಂಜೋರನ ಮನೇಲಿ ಮಲಗಿದ್ರೆ ಆ ಎರಡನೇ ಹಾಡು ಕೇಳಿಸ್ತಾನೇ ಇತ್ತು. ನೀನು ವಿಧವೆ ಅಂತ ಹಾಡಿದ್ದು ನನಗೆ ಸೇರಲಿಲ್ಲ, ಯಾಂಗ್ಕಿ."

"ನನಗೂ ಸೇರಲಿಲ್ಲ."

ಅವನಿಗೆ ಮತ್ತೆ ಕೆಮ್ಮು ಬಂತು. ಯಾಂಗ್ಕಿ ಇಷ್ಟು ದಿನ ಆ ಸದ್ದಿಗೆ ಬೆನ್ನು ಹಾಕಿ ಬಟ್ಟಲಿಗೆ ನೀರು ತುಂಬುತ್ತಿದ್ದವಳು, ಎದ್ದು ಬಂದು ಅವನ ಪಕ್ಕದಲ್ಲಿ ಮೂಟೆಯ ಮೇಲೆ ಕೂತು, ಕೆಮ್ಮು ಪೂರ್ತಿ ನಿಲ್ಲುವ ತನಕ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು.